ಹಾಸನದ ಕಡೆ ಡ್ರೈವರ್‌ಗಳಿಗೆ, ತೋಟದ ಕಾರ್ಮಿಕರಿಗೆ ಆ್ಯಪ್ ಮಾಡಿದರೆ ನಡೆಯುತ್ತಾ?

ಪ್ರಶ್ನೆ: ಇಂಜಿನಿಯರಿಂಗ್ ಮುಗಿಸಿದ್ದೇನೆ. ಊರು ಸಕಲೇಶಪುರ. ಟ್ಯಾಕ್ಸಿ ಡ್ರೈವರ್‌ಗಳಿಗೊಂದು, ಕಾಫಿ ತೋಟಕ್ಕೆ ಬರುವ ಹೊರರಾಜ್ಯದವರಿಗೊಂದು ಆ್ಯಪ್ ಮಾಡಿ ಸ್ವಂತ ಕಂಪನಿ ಶುರು ಮಾಡುವ ಆಸೆ. ನಮ್ಮ ಕಡೆ ನಡೆಯುತ್ತಾ?

ಉತ್ತರ: ನಡೆಯುತ್ತೆ. ಆದರೆ ಬೆಂಗಳೂರಿನ ಆ್ಯಪ್ ನಕಲು ಮಾಡಿದರೆ ನಡೆಯಲ್ಲ. ಎರಡಕ್ಕೂ ಒಟ್ಟಿಗೆ ಕೈ ಹಾಕಲೂಬೇಡಿ.

ಮೊದಲು ಡ್ರೈವರ್ ವಿಷಯ. ಹಾಸನದಲ್ಲಿ ಟ್ಯಾಕ್ಸಿ ಸಿಗದೆ ಒದ್ದಾಡುವವರು ಕಡಿಮೆ. ಬೇಕಾದವರ ಫೋನಿನಲ್ಲಿ ಒಬ್ಬ ಪರಿಚಯದ ಡ್ರೈವರ್ ನಂಬರ್ ಇದ್ದೇ ಇರುತ್ತೆ. ತಾಪತ್ರಯ ಇರುವುದು ವಾಪಸ್ ಬರುವಾಗ. ಬೆಂಗಳೂರಿಗೆ ಸುಮಾರು 185 ಕಿ.ಮೀ. ಡ್ರಾಪ್ ಕೊಟ್ಟು ಖಾಲಿ ಗಾಡಿ ಓಡಿಸಿಕೊಂಡು ಬರಬೇಕು. ಅದಕ್ಕೇ ಗಿರಾಕಿ ಹತ್ತಿರ ಎರಡೂ ಕಡೆಯ ಬಾಡಿಗೆ ಕೇಳುತ್ತಾರೆ. ಆ ವಾಪಸ್ ಗಾಡಿಗೆ ಹಾಸನಕ್ಕೆ ಬರುವ ಒಂದು ಕುಟುಂಬ ಹುಡುಕಿಕೊಡಿ, ಡ್ರೈವರ್ ನಿಮ್ಮನ್ನು ಬಿಡಲ್ಲ. ಹಳದಿ ಬೋರ್ಡ್ ಗಾಡಿಗಳನ್ನು ಮಾತ್ರ ಸೇರಿಸಿಕೊಳ್ಳಿ. ವೈಟ್ ಬೋರ್ಡ್ ಸೇರಿಸಿದರೆ ಆರ್‌ಟಿಒಗಿಂತ ಮೊದಲು ಸ್ಟ್ಯಾಂಡಿನವರೇ ಜಗಳಕ್ಕೆ ಬರುತ್ತಾರೆ.

ದುಡ್ಡಿನ ಲೆಕ್ಕಕ್ಕೆ ನಮ್ಮ ಯಾತ್ರಿಯನ್ನು ನೋಡಿ. 2022ರಲ್ಲಿ ಬೆಂಗಳೂರಿನ ಆಟೋಗಳಿಗೆ ಬಂದ ಈ ಆ್ಯಪ್ ಕಮಿಷನ್ ಹಿಡಿಯುವ ಬದಲು ದಿನಕ್ಕೆ 25 ರೂಪಾಯಿಯ ಚಂದಾ ತಂದಿತು. ಹಾಸನದಲ್ಲಿ ದಿನದ ಚಂದಾ ಕಷ್ಟ, ವಾರಕ್ಕೆ ಎರಡೇ ಬಾಡಿಗೆ ಸಿಗುವವರೂ ಇದ್ದಾರಲ್ವಾ? ವಾಪಸ್ ಗಿರಾಕಿ ಸಿಕ್ಕಾಗ ಮಾತ್ರ ಸ್ವಲ್ಪ ತೆಗೆದುಕೊಳ್ಳಿ. ಶುರುವಿಗೆ ವಾಟ್ಸ್‌ಆ್ಯಪ್ ಗ್ರೂಪ್ ಸಾಕು. ದೊಡ್ಡದಾಗಿ ಮಾಡುವ ಮುಂಚೆ ಗಿರಾಕಿಗೂ ಗಾಡಿಗೂ ಗಂಟು ಹಾಕುವ ಆ್ಯಪ್ ಕಂಪನಿಗಳಿಗೆ ಸಾರಿಗೆ ಇಲಾಖೆ ಮಾಡಿರುವ 2016ರ ಅಗ್ರಿಗೇಟರ್ ನಿಯಮ, ಆ್ಯಪ್ ಮೂಲಕ ದುಡಿಯುವವರಿಗಾಗಿ ಬಂದ 2025ರ ಗಿಗ್ ಕಾರ್ಮಿಕರ ಕಾಯ್ದೆ ಓದಿಕೊಳ್ಳಿ. ಈ ಕಾಯ್ದೆಯಲ್ಲಿ ಕಾರ್ಮಿಕರಿಗೆ ಕೊಡುವ ಹಣದ ಮೇಲೆ 1ರಿಂದ 5 ಶೇಕಡಾ ಕಲ್ಯಾಣ ಶುಲ್ಕವಿದೆ.

ನನ್ನನ್ನು ಕೇಳಿದರೆ ಎರಡನೆಯದೇ, ಅಂದರೆ ತೋಟದ ಕಾರ್ಮಿಕರ ಆ್ಯಪ್ಪೇ ವಾಸಿ. ಕೊಯ್ಲಿನ ದಿನ ಸಂಜೆ ಯಾವುದಾದರೂ ತೋಟದಲ್ಲಿ ತೂಕ ಹಾಕುವ ಕಡೆ ನಿಂತು ನೋಡಿ. ಹಣ್ಣಿನ ಚೀಲ ತಕ್ಕಡಿಗೆ ಏರುತ್ತೆ, ತೋಟದ ಲೆಕ್ಕ ನೋಡುವ ರೈಟರ್ ಕೆಜಿ ಕೂಗಿ ಪುಸ್ತಕದಲ್ಲಿ ಬರೆಯುತ್ತಾರೆ. ಅಸ್ಸಾಮಿನಿಂದ ಬಂದ ಹೆಂಗಸಿಗೆ ಆ ಕೂಗೂ ತಿಳಿಯಲ್ಲ, ಬರಹವೂ ತಿಳಿಯಲ್ಲ. ಬಟವಾಡೆ ದಿನ, ಕೆಲಸಕ್ಕೆ ಕರೆತಂದ ಮೇಸ್ತ್ರಿ ಮುಂಗಡ ಮುರಿದುಕೊಂಡು ಕೊಟ್ಟಿದ್ದೇ ಲೆಕ್ಕ. ಜಗಳ ಹುಟ್ಟುವುದು ಇಲ್ಲೇ.

ರೈಟರ್ ಬರೆದ ತೂಕ, ರೇಟು, ಬಾಕಿ ಮುಂಗಡ ಇಷ್ಟನ್ನೂ ಅದೇ ರಾತ್ರಿ ಅವರ ಭಾಷೆಯಲ್ಲೇ ವಾಯ್ಸ್ ಮೆಸೇಜ್ ಆಗಿ ಕಳಿಸಿ. ಓದು ಬರದವರೂ ಕೇಳಿಸಿಕೊಳ್ಳುತ್ತಾರೆ. ಅನುವಾದಕ್ಕೆ ಕೇಂದ್ರ ಸರ್ಕಾರದ ಭಾಷಿಣಿ ಇದೆ, ಅದರಲ್ಲಿ ಅಸ್ಸಾಮಿ, ಬಂಗಾಳಿ ಎರಡೂ ಇವೆ. ತೋಟದೊಳಗೆ ಸಿಗ್ನಲ್ ನಂಬುವಂತಿಲ್ಲ. ಹಾಗಾಗಿ ನೆಟ್ ಇಲ್ಲದೆಯೂ ಬರೆದಿಟ್ಟುಕೊಂಡು, ಫೋನ್ ರಸ್ತೆಗೆ ಬಂದಾಗ ಕಳಿಸುವಂತಿರಬೇಕು. ಪಡಿತರದ ಮಾತನ್ನೂ ಅದರಲ್ಲೇ ಸೇರಿಸಿ. ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಗೆ ಅಸ್ಸಾಂ 2022ರ ಜೂನ್‌ನಲ್ಲಿ ಕೊನೆಯದಾಗಿ ಸೇರಿತು. ಹಾಗಾಗಿ ಅಲ್ಲಿನ ಕಾರ್ಡಿಗೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಪಡೆಯಬಹುದು. ಊರಲ್ಲಿರುವ ಮನೆಯವರು ತಮ್ಮ ಪಾಲನ್ನು ಅಲ್ಲೇ ತೆಗೆದುಕೊಳ್ಳಬಹುದು.

ಸುಮ್ನೆ ಆಧಾರ್ ಫೋಟೋ ಕೂಡಿಡಬೇಡಿ. ಫೋನ್ ನಂಬರ್, ಹೆಸರು, ಭಾಷೆ ಗೊತ್ತಿದ್ದರೆ ಸಾಕು. ದುಡ್ಡನ್ನು ಕಾರ್ಮಿಕರ ಹತ್ತಿರ ಕೇಳಲೂಬೇಡಿ. ಲೆಕ್ಕದ ಜಗಳ ತಪ್ಪಿ, ಮುಂದಿನ ವರ್ಷವೂ ಅದೇ ಜನ ಕೆಲಸಕ್ಕೆ ಬಂದರೆ ಲಾಭ ತೋಟದ ಮಾಲೀಕರಿಗೆ, ಅವರೇ ಕೊಡಲಿ. ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಜೋರಾಗುತ್ತೆ. ಅಷ್ಟರೊಳಗೆ ಒಂದೇ ಒಂದು ತೋಟದ ರೈಟರನ್ನು ಒಪ್ಪಿಸಿ.