ಹೆಮ್ಮೆ ಪಡೋಕೆ ಇದರಲ್ಲಿ ಏನಿದೆ? ಆಟಿಸ್ಟಿಕ್ ಪ್ರೈಡ್ ನಡೆದು ಬಂದ ದಾರಿ

ಆಟಿಸ್ಟಿಕ್ ಪ್ರೈಡ್ ದಿನಕ್ಕೆ, ಅಂದರೆ ಆಟಿಸಂ ಇರುವವರ ಹೆಮ್ಮೆಯ ದಿನಕ್ಕೆ, ಜೂನ್ 18ನ್ನೇ ಆರಿಸಿಕೊಂಡಿದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಆಗ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವರಾಗಿದ್ದ ಸದಸ್ಯರ ಹುಟ್ಟುಹಬ್ಬ ಅವತ್ತಿತ್ತು, ಅಷ್ಟೇ. ಗುಂಪಿನ ಹೆಸರು ‘ಆಸ್ಪೀಸ್ ಫಾರ್ ಫ್ರೀಡಂ’. ಶುರುವಾಗಿದ್ದು 2004ರಲ್ಲಿ. ಮರುವರ್ಷವೇ, 2005ರ ಜೂನ್ 18ರಂದು, ಅವರು ಮೊದಲ ಆಟಿಸ್ಟಿಕ್ ಪ್ರೈಡ್ ದಿನ ಆಚರಿಸಿದರು. ಯಾವ ಸರ್ಕಾರವೂ ಅದನ್ನು ಘೋಷಿಸಿರಲಿಲ್ಲ, ಯಾವ ಡಾಕ್ಟರೂ ಉದ್ಘಾಟನೆ ಮಾಡಲಿಲ್ಲ. ಆಟಿಸಂ ಅಂದರೆ ಮಾತು, ಜನರ ಜೊತೆ ಬೆರೆಯುವುದು, ಸುತ್ತಲಿನ ಸದ್ದು ಬೆಳಕು ಎಲ್ಲವನ್ನೂ ಮೆದುಳು ಚಿಕ್ಕಂದಿನಿಂದಲೇ ಬೇರೆ ರೀತಿ ಗ್ರಹಿಸುವ ಸ್ಥಿತಿ. ಅಂಥವರೇ ಸೇರಿ ತಮಗಾಗಿ ಮಾಡಿಕೊಂಡ ದಿನ ಅದು.

ಜೂನ್ ಬಂದಾಗಲೆಲ್ಲ ಒಂದು ಪ್ರಶ್ನೆಯೂ ಜೊತೆಗೇ ಬರುತ್ತದೆ. ‘ಆಟಿಸಂ ಅಂದರೆ ಕಷ್ಟ ಅಲ್ವಾ? ಹೆಮ್ಮೆ ಪಡೋಕೆ ಅದರಲ್ಲಿ ಏನಿದೆ?’ ಹೀಗೆ ಕೇಳುವವರನ್ನು ಸುಮ್ನೆ ಬೈದು ಪಕ್ಕಕ್ಕೆ ತಳ್ಳುವ ಹಾಗಿಲ್ಲ. ಎಷ್ಟೋ ಸಲ ಕೇಳುವುದು ನಿದ್ದೆ ಬಾರದ ಮಗುವಿನ ಜೊತೆ ರಾತ್ರಿಯಿಡೀ ಎದ್ದು ಕೂರುವ ಅಮ್ಮನೇ. ಗೆದ್ದಾಗ, ಏನಾದರೂ ಸಾಧಿಸಿದಾಗ ಹೆಮ್ಮೆ ಅನ್ನುವ ಪದ ನಮ್ಮ ಬಾಯಿಗೆ ಬರುತ್ತದೆ. ಇಲ್ಲಿ ಅದು ಬಂದಿರುವುದು ನಾಚಿಕೆಗೆ ಎದುರಾಗಿ. ಆ ನಾಚಿಕೆ ಎಲ್ಲಿಂದ ಹೊರಟಿತು, ಯಾರ ಹೆಗಲಿಂದ ಯಾರ ಹೆಗಲಿಗೆ ದಾಟಿತು ಅಂತ ನೋಡಿದರೆ ಇವತ್ತಿನ ಜಗಳ ಅರ್ಥವಾಗುತ್ತದೆ.

1938ರಲ್ಲಿ ಅಮೆರಿಕದ ಮಿಸಿಸಿಪ್ಪಿಯ ಫಾರೆಸ್ಟ್ ಅನ್ನುವ ಸಣ್ಣ ಊರಿನ ವಕೀಲರೊಬ್ಬರು ಬಾಲ್ಟಿಮೋರಿನ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್‌ಗೆ ಪತ್ರ ಬರೆದರು. ಟೈಪ್ ಮಾಡಿದ 33 ಪುಟ. ಎಲ್ಲವೂ ಮಗ ಡೊನಾಲ್ಡ್ ಬಗ್ಗೆ. ಒಂದು ವರ್ಷದವನಿದ್ದಾಗಲೇ ಹಾಡುಗಳ ರಾಗವನ್ನು ತಪ್ಪಿಲ್ಲದೆ ಗುನುಗುತ್ತಿದ್ದ. ಕೈಗೆ ಸಿಕ್ಕಿದ್ದನ್ನು ಗರಗರ ತಿರುಗಿಸುತ್ತಾ ಕುಣಿಯುತ್ತಿದ್ದ. ಅಪ್ಪ ಮನೆಗೆ ಬಂದರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಡಾಕ್ಟರುಗಳ ಮಾತು ಕೇಳಿ ಮೂರು ವರ್ಷಕ್ಕೇ ಅವನನ್ನು ದೂರದ ಒಂದು ಸಂಸ್ಥೆಗೆ ಸೇರಿಸಿದ್ದರು. ಸುಮಾರು ಒಂದು ವರ್ಷವಾದ ಮೇಲೆ, ಅಲ್ಲಿಯವರು ಬೇಡ ಅಂದರೂ ಕೇಳದೆ, ಅಪ್ಪ ಅಮ್ಮ ಮಗನನ್ನು ವಾಪಸ್ ಮನೆಗೆ ಕರೆತಂದರು. 1943ರಲ್ಲಿ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದ ಲೇಖನದಲ್ಲಿ ಡೊನಾಲ್ಡ್ ಮೊದಲನೆಯವನು. ಇಂಥ ಮಕ್ಕಳನ್ನು ಅದಕ್ಕೂ ಮೊದಲೇ, 1925ರಲ್ಲೇ, ಸೋವಿಯತ್ ವೈದ್ಯೆ ಗ್ರುನ್ಯಾ ಸುಖರೇವಾ ಗುರುತಿಸಿದ್ದರು. ಆದರೆ ಜಗತ್ತು ಓದಿದ್ದು ಕ್ಯಾನರ್ ಲೇಖನವನ್ನು.

ಆ ಲೇಖನದ ಕೊನೆಗೆ ಕ್ಯಾನರ್ ಒಂದು ಮಾತು ಸೇರಿಸಿದ್ದರು. ಈ ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಅಕ್ಕರೆ ತೋರಿಸುವವರು ಕಡಿಮೆ ಅಂತ. ಅದೇ ಬೆಳೆದು ‘ರೆಫ್ರಿಜರೇಟರ್ ಅಮ್ಮ’ ಅನ್ನುವ ಕೆಟ್ಟ ಹೆಸರಾಯಿತು. ಅಮ್ಮನ ಮನಸ್ಸು ತಣ್ಣಗಿದ್ದರೆ ಮಗು ಒಳಗೊಳಗೇ ಮುದುಡಿಕೊಳ್ಳುತ್ತದೆ ಅನ್ನುವ ವಾದ. ಶಿಕಾಗೋದಲ್ಲಿ ಇಂಥ ಮಕ್ಕಳ ಶಾಲೆ ನಡೆಸುತ್ತಿದ್ದ ಬ್ರೂನೋ ಬೆಟ್ಟೆಲ್‌ಹೈಮ್ 1967ರ ಪುಸ್ತಕದಲ್ಲಿ ಇದನ್ನು ಎಲ್ಲಿಗೆ ಒಯ್ದರು ಅಂದರೆ, ಈ ಮಕ್ಕಳ ಸ್ಥಿತಿಯನ್ನು ನಾಜಿ ಸೆರೆಶಿಬಿರದಲ್ಲಿದ್ದವರ ಸ್ಥಿತಿಗೆ ಹೋಲಿಸಿದರು. ಹಾಗಾದರೆ ಆ ಶಿಬಿರದ ಕಾವಲುಗಾರರು ಯಾರು? ಅಮ್ಮಂದಿರು! ಮಗುವಿಗಾಗಿ ಜೀವ ತೇಯುತ್ತಿದ್ದ ಹೆಂಗಸರು, ತಮ್ಮಿಂದಲೇ ಹೀಗಾಯಿತು ಅಂತ ನಂಬಿಕೊಂಡು ವರ್ಷಗಟ್ಟಲೆ ಕೊರಗಿದರು. ಈ ಕಥೆಯಲ್ಲಿ ನನಗೆ ಜಾಸ್ತಿ ಸಂಕಟವಾಗುವ ಭಾಗ ಇದು.

ಆ ನಾಚಿಕೆಯನ್ನು ಕೆಳಗಿಳಿಸಿದವರೂ ಹೆತ್ತವರೇ. ಬರ್ನಾರ್ಡ್ ರಿಮ್‌ಲ್ಯಾಂಡ್ ಮನಶ್ಶಾಸ್ತ್ರಜ್ಞರು, ಆಟಿಸಂ ಇದ್ದ ಹುಡುಗನ ಅಪ್ಪ. ಇದರ ಮೂಲ ಮೆದುಳಿನಲ್ಲಿದೆ, ಅಮ್ಮನ ಪ್ರೀತಿಯಲ್ಲಿ ಹುಡುಕಬೇಡಿ ಅಂತ 1964ರಲ್ಲಿ ಪುಸ್ತಕವನ್ನೇ ಬರೆದರು. ಮರುವರ್ಷ ಅಮೆರಿಕದಲ್ಲಿ ಪೋಷಕರ ಸಂಘ ಕಟ್ಟಿದರು. ಲಂಡನ್ನಿನ ಪೋಷಕರು 1962ರಲ್ಲೇ ಒಂದಾಗಿದ್ದರು. ಶಾಲೆ ಬೇಕು, ಟೀಚರ್ ಬೇಕು ಅಂತ ಹಟ ಹಿಡಿದು ಓಡಾಡಿದವರು ಇವರೇ.

ಲಂಡನ್ ಸಂಘ 1963ರಲ್ಲಿ ಒಂದು ಗುರುತು ಮಾಡಿಕೊಂಡಿತು. ಒಗಟು ಚಿತ್ರದ ಒಂದು ತುಂಡು, ಅದರೊಳಗೆ ಅಳುವ ಮಗು. ಮಾಡಿದವರ ಉದ್ದೇಶ ಒಳ್ಳೆಯದೇ. ಮಕ್ಕಳ ನೋವು ಜನರಿಗೆ ಕಾಣಲಿ ಅಂತ. ಆದರೆ ಆ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿ. ಮಗು ಅಂದರೆ ಒಗಟು. ಜೊತೆಗೆ ಅದು ಅಳುತ್ತಿದೆ. ಅಮ್ಮನ ಮೇಲಿದ್ದ ತಪ್ಪು ಕೆಳಗಿಳಿದು ಈಗ ಆಟಿಸಂ ಮೇಲೆ ಕೂತಿತು. ಆಟಿಸಂ ಶತ್ರುವಾಯಿತು, ಮಗುವನ್ನು ಕದ್ದ ಕಳ್ಳನಾಯಿತು.

ಶತ್ರು ಅಂದ ಮೇಲೆ ಹೊಡೆದು ಓಡಿಸುವ ಕೆಲಸವೂ ಶುರುವಾಯಿತು. ಕ್ಯಾಲಿಫೋರ್ನಿಯಾದಲ್ಲಿ ಮನಶ್ಶಾಸ್ತ್ರಜ್ಞ ಐವಾರ್ ಲೊವಾಸ್ 1960ರ ದಶಕದಲ್ಲಿ ಮಕ್ಕಳ ವರ್ತನೆ ಬದಲಿಸಲು ಗದರಿಕೆ, ಪೆಟ್ಟು, ಕರೆಂಟ್ ಶಾಕನ್ನೂ ಬಳಸಿದರು. 1987ರಲ್ಲಿ ಅವರ ವರದಿ ಬಂತು. ವಾರಕ್ಕೆ 40 ಗಂಟೆ ತರಬೇತಿ ಪಡೆದ 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ಶಾಲೆಗೆ ಹೊಂದಿಕೊಂಡರು ಅಂತ. ಅಪ್ಪ ಅಮ್ಮಂದಿರಿಗೆ ಅದು ದೊಡ್ಡ ಆಸೆ ಹುಟ್ಟಿಸಿತು. ಎಬಿಎ (ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್) ಎಂದು ಕರೆಯುವ ಈ ತರಬೇತಿಯ ಕ್ರಮ ಈಗ ತುಂಬಾ ಬದಲಾಗಿದೆ. ಆದರೆ ಬೇರೆ ಮಕ್ಕಳ ನಡುವೆ ಗುರುತು ಹಿಡಿಯಲಾಗದ ಹಾಗೆ ಆಗುವುದೇ ಗೆಲುವು ಅನ್ನುವ ಮಾತಿನ ಮೇಲೆ ಸಿಟ್ಟು ಇನ್ನೂ ಆರಿಲ್ಲ.

ಅಷ್ಟರಲ್ಲಿ ಆ ಮಕ್ಕಳು ದೊಡ್ಡವರಾಗಿದ್ದರು. ತಮ್ಮ ಬಗ್ಗೆ ಏನೇನು ಹೇಳುತ್ತಾರೆ ಅಂತ ಕೇಳಿಸಿಕೊಳ್ಳುತ್ತಿದ್ದರು. 1992ರಲ್ಲಿ ಜಿಮ್ ಸಿಂಕ್ಲೇರ್ ಮತ್ತು ಗೆಳೆಯರು ಆಟಿಸಂ ಇರುವವರೇ ನಡೆಸುವ ಜಾಲ ಕಟ್ಟಿದರು. 1993ರಲ್ಲಿ ಟೊರಾಂಟೊದ ಸಮ್ಮೇಳನದಲ್ಲಿ ಸಿಂಕ್ಲೇರ್ ನೇರವಾಗಿ ಪೋಷಕರನ್ನೇ ಉದ್ದೇಶಿಸಿ ಮಾತಾಡಿದರು. ಸಾರಾಂಶ ಹೀಗೆ: ನಮಗಾಗಿ ಅಳಬೇಡಿ. ಚಿಪ್ಪಿನೊಳಗೆ ಬೇರೊಂದು ‘ಸರಿಯಾದ’ ಮಗು ಅಡಗಿ ಕೂತಿಲ್ಲ. ನಿಮ್ಮ ಮಗುವಿಗೆ ಆಟಿಸಂ ಇರಬಾರದಿತ್ತು ಅಂತ ನೀವು ಅಂದಾಗ, ಈ ಮಗುವಿನ ಜಾಗದಲ್ಲಿ ಬೇರೆ ಮಗು ಇರಬೇಕಿತ್ತು ಅಂತ ನಮಗೆ ಕೇಳಿಸುತ್ತದೆ. ಸಿಂಕ್ಲೇರ್ ಪೋಷಕರ ದುಃಖ ಸುಳ್ಳು ಅನ್ನಲಿಲ್ಲ. ನಿರೀಕ್ಷೆ ಮುರಿದದ್ದಕ್ಕೆ ಅತ್ತುಬಿಡಿ, ಆಮೇಲೆ ಎದುರಿಗಿರುವ ಮಗುವಿನ ಹತ್ತಿರ ಬನ್ನಿ ಅಂದರು. ಪ್ರೈಡ್ ಅನ್ನುವ ಪದ ಬರುವುದಕ್ಕೆ 12 ವರ್ಷ ಮೊದಲೇ ಅದರ ತಿರುಳು ಇಲ್ಲಿತ್ತು.

ಇದೇ ಜಾಲ 1996ರಿಂದ ‘ಆಟ್ರೀಟ್’ ಎಂಬ ಕೂಟ ನಡೆಸಿತು. ಅಲ್ಲಿ ಎದೆಗೆ ಸಿಕ್ಕಿಸಿಕೊಳ್ಳುವ ಬಣ್ಣದ ಬ್ಯಾಡ್ಜ್ ಪದ್ಧತಿ ಹುಟ್ಟಿತು. ಕೆಂಪು ಹಾಕಿಕೊಂಡರೆ, ಈಗ ಯಾರೂ ಮಾತಾಡಿಸಬೇಡಿ ಅಂತ. ಹಳದಿ ಅಂದರೆ ಗೊತ್ತಿರುವವರು ಮಾತ್ರ ಬನ್ನಿ. ಹಸಿರು ಅಂದರೆ, ಮಾತಾಡುವ ಆಸೆ ಇದೆ, ಶುರುಮಾಡಲು ಆಗುತ್ತಿಲ್ಲ, ದಯವಿಟ್ಟು ನೀವೇ ಬನ್ನಿ. ಚಪ್ಪಾಳೆಯ ಸದ್ದು ತುಂಬಾ ಜನರಿಗೆ ಹಿಂಸೆ, ಹಾಗಾಗಿ ಇಂಥ ಕೂಟಗಳಲ್ಲಿ ಗಾಳಿಯಲ್ಲಿ ಕೈ ಆಡಿಸಿ ಮೆಚ್ಚುಗೆ ತೋರಿಸುತ್ತಾರೆ. ಯಾವ ಕೈ ಆಡಿಸಬೇಡ ಅಂತ ಚಿಕ್ಕಂದಿನಲ್ಲಿ ಬೈಸಿಕೊಂಡರೋ, ಅದೇ ಕೈ ಇಲ್ಲಿ ಚಪ್ಪಾಳೆ!

1990ರ ದಶಕದಲ್ಲಿ ಎರಡು ಸಂಗತಿಗಳು ಕೂಡಿ ಬಂದವು. ಮಾತು ಬುದ್ಧಿಗೆ ತೊಡಕಿಲ್ಲದ ಆಟಿಸಂಗೆ ಆಗ ಇಟ್ಟಿದ್ದ ಹೆಸರು, ಆಸ್ಪರ್ಗರ್ ಸಿಂಡ್ರೋಮ್, 1994ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿತು. ಚೆನ್ನಾಗಿ ಮಾತಾಡುವ ದೊಡ್ಡವರಿಗೂ ತಾವು ಯಾರು ಅಂತ ಗೊತ್ತಾಯಿತು. ಇಂಟರ್ನೆಟ್ ಬಂತು. ಕಣ್ಣಿಗೆ ಕಣ್ಣು ಕೊಡದೆ, ಅವಸರವಿಲ್ಲದೆ, ಟೈಪ್ ಮಾಡಿ ಮಾತಾಡಬಹುದಾಯಿತು. ಮೆದುಳುಗಳೂ ಬಗೆಬಗೆ, ಅದೇ ಸಹಜ ಅನ್ನುವ ‘ನ್ಯೂರೋಡೈವರ್ಸಿಟಿ’ ಪದ 1998ರ ಹೊತ್ತಿಗೆ ಓಡಾಡತೊಡಗಿತು. ಪ್ರೈಡ್ ಅನ್ನುವ ಹೆಸರು ಸಲಿಂಗಿಗಳ ಹೋರಾಟದಿಂದ ತಂದದ್ದು. ಸಲಿಂಗಪ್ರೇಮವನ್ನು ಅಮೆರಿಕದ ಮನೋವೈದ್ಯರ ಸಂಘ ರೋಗದ ಪಟ್ಟಿಯಿಂದ ತೆಗೆದಿದ್ದು 1973ರಲ್ಲಿ. ರೋಗ ಅಂತ ಕರೆಸಿಕೊಂಡದ್ದು ಮುಂದೆ ಗುರುತಾಗಬಹುದು ಅಂತ ಆ ಹೋರಾಟ ತೋರಿಸಿಕೊಟ್ಟಿತ್ತು.

2005ರಲ್ಲಿ ಪ್ರೈಡ್ ಹುಟ್ಟಿತು. ಅದೇ ವರ್ಷ ಅಮೆರಿಕದಲ್ಲಿ ‘ಆಟಿಸಂ ಸ್ಪೀಕ್ಸ್’ ಎಂಬ ದೊಡ್ಡ ಸಂಸ್ಥೆಯೂ ಹುಟ್ಟಿತು. ವಿಶ್ವಸಂಸ್ಥೆ 2007ರಲ್ಲಿ ನಿರ್ಣಯ ಮಾಡಿ 2008ರಿಂದ ಏಪ್ರಿಲ್ 2ನ್ನು ಆಟಿಸಂ ಜಾಗೃತಿ ದಿನ ಅಂದಿತು. ಒಂದು ಕಡೆ ಆಟಿಸಂ ಸ್ಪೀಕ್ಸ್‌ನ ನೀಲಿ ದೀಪ ಮತ್ತು ಒಗಟಿನ ತುಂಡು, ಇನ್ನೊಂದು ಕಡೆ ಪ್ರೈಡ್‌ನವರ ಕಾಮನಬಿಲ್ಲಿನ ಬಣ್ಣದ ಅನಂತದ (∞) ಗುರುತು. 2007ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಒಂದು ಜಾಹೀರಾತು ಬಂತು. ಅಪಹರಣಕಾರರು ಹಣಕ್ಕಾಗಿ ಬರೆಯುವ ಪತ್ರದ ಹಾಗೆ: ನಿಮ್ಮ ಮಗ ನಮ್ಮ ಬಳಿ ಇದ್ದಾನೆ, ಇಂತಿ ಆಟಿಸಂ. ಅದಕ್ಕೂ ಒಂದು ವರ್ಷ ಮೊದಲು ಆಟಿಸಂ ಇರುವವರೇ ಕಟ್ಟಿದ್ದ ‘ಆಟಿಸ್ಟಿಕ್ ಸೆಲ್ಫ್ ಅಡ್ವೊಕೇಸಿ ನೆಟ್‌ವರ್ಕ್’ ಅದನ್ನು ಬಲವಾಗಿ ವಿರೋಧಿಸಿತು. ಅದೇ ತಿಂಗಳು ಜಾಹೀರಾತು ಹಿಂದಕ್ಕೆ ಹೋಯಿತು. ಆಟಿಸಂ ಸ್ಪೀಕ್ಸ್ ಕೂಡ 2016ರಲ್ಲಿ ತನ್ನ ಗುರಿಗಳಿಂದ ‘ಗುಣಪಡಿಸುವುದು’ ಅನ್ನುವ ಮಾತನ್ನು ತೆಗೆದುಹಾಕಿತು.

ಇಷ್ಟಾದರೂ ಒಂದು ಮಾತು ಉಳಿಯುತ್ತದೆ, ಅದು ಹಗುರವಾದದ್ದಲ್ಲ. ‘ಹೆಮ್ಮೆ ಅನ್ನುವವರೆಲ್ಲ ಮಾತು ಬರುವವರು, ಓದಿದವರು. ನನ್ನ ಮಗನಿಗೆ 20 ವರ್ಷ, ಒಂದು ಪದವೂ ಬರುವುದಿಲ್ಲ, ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಾನೆ. ಅವನ ಪರವಾಗಿ ಮಾತಾಡೋಕೆ ಇವರು ಯಾರು?’ ಹಲವು ಹೆತ್ತವರು ಹೀಗೆ ಕೇಳುತ್ತಾರೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಆಸ್ಪರ್ಗರ್ ಸೇರಿ ಎಲ್ಲ ಬಗೆಯನ್ನೂ ಆಟಿಸಂ ಅನ್ನುವ ಒಂದೇ ಹೆಸರಿನಡಿ ತಂದ ಮೇಲೆ ತಮ್ಮ ಮಕ್ಕಳು ಕಾಣದಂತಾದರು ಅನ್ನುವುದು ಅವರ ದೂರು. 2021ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗ ‘ಪ್ರೊಫೌಂಡ್ ಆಟಿಸಂ’ ಎಂಬ ಪದ ಮುಂದಿಟ್ಟಿತು. ದಿನದ 24 ಗಂಟೆಯೂ ನೋಡಿಕೊಳ್ಳಲು ದೊಡ್ಡವರೊಬ್ಬರು ಬೇಕಾದವರಿಗೆ ಈ ಹೆಸರು. ಅಮೆರಿಕದಲ್ಲಿ ಆಟಿಸಂ ಇರುವ 8 ವರ್ಷದ ಮಕ್ಕಳನ್ನು ನೋಡಿದ ಅಧ್ಯಯನವೊಂದರಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಇಂಥವರು. ಈ ಪದದ ಬಗ್ಗೆಯೂ ಜಗಳವಿದೆ. ಹೀಗೆ ಬೇರೆ ಮಾಡಿದರೆ ಆ ಮಕ್ಕಳಿಗೆ ತಿಳಿವಳಿಕೆಯೇ ಇಲ್ಲ ಅಂತ ಜನ ತೀರ್ಮಾನಿಸಿಬಿಡುತ್ತಾರೆ ಅನ್ನುವ ಭಯ ಇನ್ನೊಂದು ಕಡೆಯವರಿಗೆ.

ಪ್ರೈಡ್ ಒಳಗೂ ತಪ್ಪುಗಳಾಗಿವೆ. ‘ನಾವು ಬುದ್ಧಿವಂತರು, ಅವರ ಥರ ಅಲ್ಲ’ ಅನ್ನುವ ಧೋರಣೆ ಆಸ್ಪರ್ಗರ್ ಹೆಸರಿನ ಸುತ್ತ ಬೆಳೆದಿತ್ತು. ಆ ಹೆಸರಿನ ಮೂಲವಾದ ವೈದ್ಯ ಹಾನ್ಸ್ ಆಸ್ಪರ್ಗರ್, ಅಂಗವಿಕಲ ಮಕ್ಕಳನ್ನು ಕೊಲ್ಲುತ್ತಿದ್ದ ವಿಯೆನ್ನಾದ ನಾಜಿ ಕಾಲದ ಸಂಸ್ಥೆಗೆ ಮಕ್ಕಳನ್ನು ಕಳಿಸಿದ್ದರು ಅಂತ 2018ರಲ್ಲಿ ದಾಖಲೆ ಸಮೇತ ಹೊರಬಂತು. ಕಾಳು ಆರಿಸಿದ ಹಾಗೆ ಮಕ್ಕಳನ್ನು ಆರಿಸುವುದು ಎಲ್ಲಿಗೆ ಮುಟ್ಟುತ್ತದೆ ಅನ್ನುವುದು ಆ ಹೆಸರಿನಲ್ಲೇ ಇದೆ. ಆಟಿಸಂ ಇದ್ದೂ ನನಗೆ ಹೆಮ್ಮೆ ಅನ್ನಿಸುವುದಿಲ್ಲ, ಔಷಧಿ ಇದ್ದರೆ ಇವತ್ತೇ ತಗೋತೀನಿ ಅನ್ನುವವರೂ ಇದ್ದಾರೆ. ಅವರಿಗೂ ಹಾಗನ್ನುವ ಹಕ್ಕಿದೆ.

ಆದರೆ ಮಾತು ಬಾರದವರು ಪ್ರೈಡ್‌ನಲ್ಲಿ ಇಲ್ಲ ಅನ್ನುವುದು ನಿಜವಲ್ಲ. 2007ರಲ್ಲಿ ಮೆಲ್ ಬ್ಯಾಗ್ಸ್ ಅನ್ನುವವರು ಎಂಟು ನಿಮಿಷದ ವಿಡಿಯೋ ಹಾಕಿದರು. ಮೊದಲ ಕೆಲವು ನಿಮಿಷ ಪದಗಳೇ ಇಲ್ಲ. ಕಿಟಕಿಯ ಎದುರು ತೂಗಾಡುತ್ತಾ ಗುನುಗುವುದು, ನಲ್ಲಿಯ ನೀರಿನಲ್ಲಿ ಬೆರಳು ಆಡಿಸುವುದು. ಆಮೇಲೆ ಬ್ಯಾಗ್ಸ್ ಟೈಪ್ ಮಾಡಿದ್ದನ್ನು ಕಂಪ್ಯೂಟರ್ ಓದುತ್ತದೆ: ನೀರಿನ ಜೊತೆ ಆಡಿದ್ದು ಯಾವುದರ ಸಂಕೇತವೂ ಅಲ್ಲ, ನೀರಿನ ಜೊತೆ ನನ್ನ ಒಡನಾಟ ಅಷ್ಟೇ, ಅದೇ ನನ್ನ ಭಾಷೆ. ನಿಮ್ಮ ಭಾಷೆ ನಾನು ಕಲಿಯದಿದ್ದರೆ ಕೊರತೆ ಅನ್ನುತ್ತೀರಿ, ನನ್ನದನ್ನು ನೀವು ಕಲಿಯದಿದ್ದರೆ ಅದು ಸಹಜವೇ? 2012ರಲ್ಲಿ ಡೇಮಿಯನ್ ಮಿಲ್ಟನ್ ಎಂಬ ಆಟಿಸ್ಟಿಕ್ ಸಂಶೋಧಕರು ಇದನ್ನೇ ಇನ್ನೊಂದು ರೀತಿ ಹೇಳಿದರು. ಅರ್ಥ ಮಾಡಿಕೊಳ್ಳಲು ಆಗದಿರುವುದು ಎರಡೂ ಕಡೆಯವರ ಕಷ್ಟ ಅಂತ.

ನನಗೆ ಅನ್ನಿಸುವುದು ಇಷ್ಟು. ತಲೆ ಚಚ್ಚಿಕೊಳ್ಳುವ ಹುಡುಗನ ನೋವಿಗೆ ಚಿಕಿತ್ಸೆ ಬೇಕು, ನಿದ್ದೆ ಬರಬೇಕು, ಅಮ್ಮನಿಗೆ ಬಿಡುವು ಸಿಗಬೇಕು. ಇದಕ್ಕೆಲ್ಲ ಅವನ ಬಗ್ಗೆ ನಾಚಿಕೆ ಪಡಬೇಕಾಗಿಲ್ಲ. ಪ್ರೈಡ್ ಪರವಾಗಿರುವ ಸಂಘಟನೆಗಳೂ ಇದೇ ನೆರವನ್ನು ಕೇಳುತ್ತಿವೆ. ಇನ್ನು, ಹಣ ಜಾಸ್ತಿ ಕೂಡಲಿ ಅಂತ ಮಗುವನ್ನು ದುರಂತ ಅಂತ ತೋರಿಸುವುದನ್ನು ಆ ಮಗುವೂ ನೋಡುತ್ತಿರುತ್ತದೆ, ಮಾತು ಬಾರದಿದ್ದರೂ.

ಆ 33 ಪುಟದ ಪತ್ರದ ಡೊನಾಲ್ಡ್ ಟ್ರಿಪ್ಲೆಟ್ ಏನಾದರು? ಕಾಲೇಜು ಓದಿದರು, ಫಾರೆಸ್ಟ್‌ನ ಬ್ಯಾಂಕಿನಲ್ಲಿ ಕೆಲಸ ಮಾಡಿದರು, ಗಾಲ್ಫ್ ಆಡಿದರು, ಒಬ್ಬರೇ ದೇಶದೇಶ ಸುತ್ತಿದರು. ಮನೆತನಕ್ಕೆ ಹಣವಿತ್ತು, ಬ್ಯಾಂಕೂ ಅಮ್ಮನ ಕಡೆಯವರದ್ದೇ. ಎಲ್ಲರಿಗೂ ಅಂಥ ಅನುಕೂಲ ಇರುವುದಿಲ್ಲ, ಅದನ್ನು ಮರೆಯಬಾರದು. ಅವರು ಪರಿಚಯದವರಿಗೆಲ್ಲ ಒಂದೊಂದು ನಂಬರ್ ಕೊಡುತ್ತಿದ್ದರು. ಎಷ್ಟೋ ವರ್ಷದ ಮೇಲೆ ಸಿಕ್ಕರೂ ಅದೇ ನಂಬರ್ ನೆನಪಿಟ್ಟು ಹೇಳುತ್ತಿದ್ದರು. ಊರಿನವರು ಅದನ್ನು ತಿದ್ದಲು ಹೋಗಲಿಲ್ಲ. ತಮ್ಮ ನಂಬರನ್ನು ತಾವೂ ನೆನಪಿಟ್ಟುಕೊಂಡರು. 2023ರ ಜೂನ್‌ನಲ್ಲಿ, 89ನೇ ವಯಸ್ಸಿನಲ್ಲಿ, ಅವರು ಅದೇ ಊರಿನ ಮನುಷ್ಯನಾಗಿಯೇ ತೀರಿಕೊಂಡರು.