ಮಾಟ: ‘ಯಾರೋ ಮಾಡಿಸಿದ್ದಾರೆ’ ಎಂಬ ಮಾತಿನ ಹಿಂದೆ ಮುಂದೆ

ಮಾಟ ಎಂಬ ಪದದಲ್ಲಿ ಹುಟ್ಟಾ ಕೆಟ್ಟದ್ದೇನೂ ಇಲ್ಲ. ಆಡು ಆಟವಾದ ಹಾಗೆ, ನೋಡು ನೋಟವಾದ ಹಾಗೆ ಮಾಡು ಮಾಟವಾಯಿತು. ಹಳೆಯ ಕನ್ನಡದಲ್ಲಿ ಅದಕ್ಕೆ ಕೆಲಸ, ರಚನೆ, ಚೆಲುವು ಎಂಬ ಅರ್ಥಗಳಿದ್ದವು. ವಚನಕಾರರಿಗೆ ಮಾಟವೆಂದರೆ ದಾಸೋಹ. ‘ಮಾಟವಾದ ಮೂಗು’ ಎಂದರೆ ಇವತ್ತಿಗೂ ಹೊಗಳಿಕೆಯೇ. ಆದರೆ ಕಾರವಾರದಿಂದ ಭಟ್ಕಳದ ತನಕ ಯಾವ ಮನೆಯ ಜಗುಲಿಯಲ್ಲಾದರೂ ಈ ಪದ ಎತ್ತಿ ನೋಡಿ, ಕೂತವರ ದನಿ ತಗ್ಗುತ್ತದೆ.

ಕರಾವಳಿಯ ಬಳಕೆಯಲ್ಲಿ ಕಿವಿಗೊಡಬೇಕಾದ್ದು ಕ್ರಿಯಾಪದಕ್ಕೆ. ಬಲೆಗೆ ಬಂಗಡೆ ಬೀಳುತ್ತಿಲ್ಲ, ಕರೆಯುವ ಆಕಳು ಒಮ್ಮೆಲೇ ಬತ್ತಿತು, ಮಗಳ ಸಂಬಂಧ ಮತ್ತೆ ಮುರಿಯಿತು ಅಂದಾಗ ಹೊರಡುವ ಮಾತು ಇದು: “ಯಾರೋ ಎಂತದೋ ಮಾಡ್ಸಿದಾರೆ ಕಾಣ್ತದೆ.” ಮಾಡಿದ್ದಾರೆ ಅಂತಲ್ಲ, ಮಾಡಿಸಿದ್ದಾರೆ. ಅಂದರೆ ಇಲ್ಲಿ ಮೂವರಿದ್ದಾರೆ: ದುಡ್ಡು ಪಡೆದು ಮಾಡುವ ಮಾಟಗಾರ, ಅವನ ಹತ್ತಿರ ಹೋಗಿ ಮಾಡಿಸಿದವರು, ತಾಗಿಸಿಕೊಂಡವರು. ವಿಚಿತ್ರ ಎಂದರೆ ಮಾಟಗಾರನ ಮೇಲೆ ಅಷ್ಟು ಸಿಟ್ಟಿರುವುದಿಲ್ಲ. ಮಾಟ ತೆಗೆಸಲಿಕ್ಕೂ ಅಂಥವರ ಬಾಗಿಲಿಗೇ ಹೋಗಬೇಕಲ್ಲ! ಸಿಟ್ಟೆಲ್ಲ ಮಾಡಿಸಿದವರ ಮೇಲೆ. ಅವರು ಹೆಚ್ಚಾಗಿ ಪಾಲು ಕೇಳಿದ ದಾಯಾದಿಗಳು, ಇಲ್ಲವೇ ಬೇಣದ (ಹುಲ್ಲುಗಾವಲಿನ) ಗಡಿಯ ಅಗಳದ ಆಚೆಯವರು. ಹೆಸರು ಹೊರಡುವುದು ನೋಟ ನೋಡುವವರ, ಅಂದರೆ ಕಣಿ ಹೇಳುವವರ ಮನೆಯಲ್ಲಿ, ಅದೂ ಅರ್ಧ. “ಹತ್ತಿರದವರೇ, ಮೂಡು ದಿಕ್ಕಿನವರು” ಎಂದಷ್ಟೇ ಹೇಳುತ್ತಾರೆ. ಉಳಿದರ್ಧವನ್ನು ಕೇಳಲು ಹೋದವರ ಹಳೆಯ ಜಗಳ ತುಂಬಿಕೊಡುತ್ತದೆ.

ಇದಕ್ಕೆ ಹತ್ತಿರದ ಇನ್ನೊಂದು ಪದ ಮದ್ದು, ಕೈಮದ್ದು. ಊಟದಲ್ಲೋ ಚಾದಲ್ಲೋ ಬೆರೆಸಿ ಕೊಟ್ಟು ಒಲಿಸಿಕೊಳ್ಳುತ್ತಾರೆ ಅಥವಾ ಕೊರಗಿಸುತ್ತಾರೆ ಎಂಬ ನಂಬಿಕೆ. ಇಲ್ಲಿ ನಡುವೆ ಮಾಟಗಾರ ಬೇಡ, ಬಡಿಸುವ ಕೈ ಸಾಕು. ಬಡಿಸುವ ಕೈ ಯಾರದು ಎಂದು ಹೇಳಬೇಕಿಲ್ಲ. ಹಾಗಾಗಿ ಮಾಟದ ಆರೋಪ ಮನೆತನದ ಮೇಲೆ ಬಿದ್ದರೆ ಮದ್ದಿನದು ಹೆಂಗಸಿನ ಮೇಲೆ ಬೀಳುತ್ತದೆ: ಅತ್ತೆ, ಸೊಸೆ, ಒಂಟಿಯಾಗಿ ಉಳಿದ ವಿಧವೆ. “ಅವಳ ಕೈಯಿಂದ ಎಂತದೂ ತಿನ್ಬೇಡ” ಎಂಬ ಒಂದು ಮಾತು ಹರಡಿದರೆ ಮುಗಿಯಿತು. ಯಾರೂ ಕೈಯೆತ್ತಬೇಕಿಲ್ಲ, ಅವಳ ಅಂಗಳಕ್ಕೆ ಮಕ್ಕಳು ಹೋಗುವುದು ನಿಲ್ಲುತ್ತದೆ, ಅವಳು ಕಳಿಸಿದ ಕಜ್ಜಾಯ ಕೊಟ್ಟಿಗೆಗೆ ಹೋಗುತ್ತದೆ. ಹೊಟ್ಟೆನೋವು ಬಿಡದಿದ್ದರೆ ಮದ್ದು ಕಕ್ಕಿಸುವವರಿದ್ದಾರೆ. ಕಕ್ಕಿದ್ದರಲ್ಲಿ ಕಂಡ ಗಂಟೋ ಕೂದಲೋ ಸಾಕ್ಷಿಯಾಗುತ್ತದೆ. ಈ ಭಯ ಹಳೆಯದು. ಮನುಸ್ಮೃತಿಯ ಒಂಬತ್ತನೇ ಅಧ್ಯಾಯ ಮಂತ್ರ ಹಾಕಿ ಕೇಡು ಮಾಡುವ ‘ಅಭಿಚಾರ’ಕ್ಕೂ, ಬೇರುನಾರಿನಿಂದ ಮಾಡುವ ‘ಮೂಲಕರ್ಮ’ಕ್ಕೂ 200 ಪಣ ದಂಡ ಹೇಳುತ್ತದೆ. ದಂಡ ಎಂಬುದನ್ನು ಗಮನಿಸಿ. ಸುಡು ಎನ್ನುವುದಿಲ್ಲ.

ಸುಟ್ಟದ್ದು ಯೂರೋಪಿನಲ್ಲಿ. ಸುಮಾರು 1450ರಿಂದ 1750ರವರೆಗೆ ಅಲ್ಲಿ ಮಾಟದ ಆರೋಪದ ಮೇಲೆ 40ರಿಂದ 60 ಸಾವಿರ ಜನರಿಗೆ ಮರಣದಂಡನೆ ಆಗಿರಬೇಕೆಂದು ಇತಿಹಾಸಕಾರರ ಅಂದಾಜು. ನಾಲ್ವರಲ್ಲಿ ಮೂವರು ಹೆಂಗಸರು. ಹಳ್ಳಿಯ ದೂರುಗಳನ್ನು ಓದಿದರೆ ನಮ್ಮೂರಿನವೇ ಅನ್ನಿಸುತ್ತವೆ: ಹಾಲು ಬತ್ತಿತು, ಆಲಿಕಲ್ಲು ಬಿತ್ತು, ಕೂಸು ಸತ್ತಿತು. ಅವುಗಳ ಮೇಲೆ ಓದಿದವರು ಇನ್ನೊಂದು ಕಟ್ಟಡ ಕಟ್ಟಿದರು. ಮಾಟಗಾತಿ ಸೈತಾನನೊಡನೆ ಕರಾರು ಮಾಡಿಕೊಂಡವಳು, ರಾತ್ರಿ ಅವಳಂಥವರೆಲ್ಲ ಕೂಡಿ ಸಭೆ ನಡೆಸುತ್ತಾರೆ ಎಂದರು. 1486ರಲ್ಲಿ ಹೈನ್ರಿಖ್ ಕ್ರಾಮರ್ ಎಂಬ ಪಾದ್ರಿ ಇಂಥವರನ್ನು ಹಿಡಿದು ವಿಚಾರಿಸುವುದಕ್ಕೆ ಕೈಪಿಡಿಯನ್ನೇ ಅಚ್ಚು ಹಾಕಿಸಿದ. ಸಭೆ ಇದೆ ಎಂದಮೇಲೆ ಜೊತೆಗಾರರೂ ಇರಬೇಕು. ಚಿತ್ರಹಿಂಸೆಗೆ ಕಾನೂನಿನ ಒಪ್ಪಿಗೆಯೂ ಇತ್ತು. ಒಬ್ಬಳ ಬಾಯಿಂದ ಹತ್ತು ಹೆಸರು, ಹತ್ತರಿಂದ ನೂರು. ಕೈದಿಗಳ ಪಾಪನಿವೇದನೆ ಕೇಳುತ್ತಿದ್ದ ಜೆಸ್ವಿಟ್ ಪಾದ್ರಿ ಫ್ರೀಡ್ರಿಖ್ ಸ್ಪೇ, ಈ ಹಿಂಸೆ ಕೊಟ್ಟರೆ ಯಾರು ಬೇಕಾದರೂ ಮಾಟಗಾತಿಯೇ ಎಂದು 1631ರಲ್ಲಿ ಹೆಸರು ಹಾಕದೆ ಬರೆದ.

1626ರ ಮೇ ತಿಂಗಳಲ್ಲಿ ಜರ್ಮನಿಯ ಫ್ರಾಂಕೋನಿಯಾದಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಹಿಮ ಬಿದ್ದು ದ್ರಾಕ್ಷಿ ಬೆಳೆ ಸುಟ್ಟುಹೋಯಿತು. ಹಿಮ ತಂದವರು ಯಾರು ಎಂಬ ಕೂಗೆದ್ದಿತು. ಬಾಂಬರ್ಗ್, ವ್ಯೂರ್ತ್ಸ್‌ಬರ್ಗ್‌ಗಳಲ್ಲಿ ಮುಂದಿನ ನಾಲ್ಕೈದು ವರ್ಷ ನೂರಾರು ಜನ ಚಿತೆಗೆ ಹೋದರು. ಶಿರಸಿ ಸೀಮೆಯಲ್ಲಿ ಮಳೆ ಬಿಡದೆ ಹೊಡೆದು ಅಡಕೆಗೆ ಕೊಳೆ ಬಂದಾಗ ಆಗುವ ಹೊಟ್ಟೆಯುರಿ ಗೊತ್ತಿದ್ದವರಿಗೆ ಆ ದ್ರಾಕ್ಷಿ ಬೆಳೆಗಾರನ ಸಂಕಟ ಅರ್ಥವಾಗುತ್ತದೆ. ಆದರೆ ಕೊಳೆ ಬಂದರೆ ನಾವು ಕರೆಯುವುದು ಕೊನೆಗೌಡನನ್ನು. ಅವನು ಮರವೇರಿ ಹೊಡೆಯುವ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲೇ ಹುಟ್ಟಿದ್ದು. ಅದನ್ನೂ ನಮ್ಮಲ್ಲಿ ‘ಮದ್ದು ಹೊಡೆಯುವುದು’ ಎಂದೇ ಹೇಳುತ್ತಾರೆ.

ಕಾರವಾರದವರಿಗೆ ಈ ಚರಿತ್ರೆ ಎಂದಕೂಡಲೇ ಪಕ್ಕದ ಗೋವೆಯ ಇನ್‌ಕ್ವಿಸಿಷನ್, ಅಂದರೆ ಮತಭ್ರಷ್ಟರನ್ನು ವಿಚಾರಿಸುವ ಚರ್ಚಿನ ನ್ಯಾಯಪೀಠ, ನೆನಪಾಗುತ್ತದೆ. ಎರಡನ್ನೂ ಬೆರೆಸಬಾರದು. 1560ರಲ್ಲಿ ಶುರುವಾಗಿ, ನಡುವೆ ಕೆಲವು ವರ್ಷ ನಿಂತು, 1812ರಲ್ಲಿ ಮುಗಿದ ಆ ನ್ಯಾಯಪೀಠದ ಕಣ್ಣು ಮುಖ್ಯವಾಗಿ ಇದ್ದದ್ದು ಮತಾಂತರವಾದ ಮೇಲೂ ಗುಟ್ಟಾಗಿ ಹಳೆಯ ಆಚರಣೆ ಬಿಡದವರ ಮೇಲೆ. ಮಾಟದ ವಿಷಯದಲ್ಲಿ ಇನ್‌ಕ್ವಿಸಿಷನ್ನಿನವರು ಕೆಲವೊಮ್ಮೆ ಊರ ಜನರಿಗಿಂತ ಅನುಮಾನಿಗಳು. ಸ್ಪೇನಿನ ಲೊಗ್ರೋನ್ಯೋದಲ್ಲಿ 1610ರಲ್ಲಿ ಆರು ಜನರನ್ನು ಜೀವಂತ ಸುಟ್ಟ ಮೇಲೆ, ಅದೇ ಪೀಠದ ಸಲಾಸಾರ್ ಎಂಬ ನ್ಯಾಯಾಧೀಶ ಹಳ್ಳಿಗಳನ್ನು ಸುತ್ತಿದ. ಕ್ಷಮಾದಾನದ ಭರವಸೆ ಕೊಟ್ಟಾಗ 1,802 ಜನ ಮುಂದೆ ಬಂದರು. ಅವರಲ್ಲಿ 1,384 ಮಕ್ಕಳು! ಮಾಟದ ಮುಲಾಮೆಂದು ತಂದೊಪ್ಪಿಸಿದ ಮಡಕೆಗಳನ್ನು ಪರೀಕ್ಷಿಸಿದ, ಪ್ರಾಣಿಗಳಿಗೆ ತಿನ್ನಿಸಿದ, ಏನೂ ಆಗಲಿಲ್ಲ. ಮಾಟದ ಸುದ್ದಿ ಹಬ್ಬುವ ಮೊದಲು ಅಲ್ಲಿ ಮಾಟಗಾತಿಯರೇ ಇರಲಿಲ್ಲ ಎಂಬ ಅರ್ಥದ ವರದಿ ಬರೆದ. 1614ರಲ್ಲಿ ಮೇಲಿನವರು ಅದನ್ನು ಒಪ್ಪಿದರು. ಇಡೀ ಕತೆಯಲ್ಲಿ ನನಗೆ ಹಿಡಿಸುವ ಮನುಷ್ಯ ಇವನೊಬ್ಬ: ಮಡಕೆಯಲ್ಲಿ ಏನಿದೆ ಎಂದು ನೋಡಿದವನು.

ಯೂರೋಪಿನ ಕೊನೆಯ ಪ್ರಕರಣಗಳಲ್ಲೊಂದು ನಮ್ಮ ಕೈಮದ್ದಿಗೆ ತೀರ ಹತ್ತಿರ. ಸ್ವಿಟ್ಜರ್ಲೆಂಡಿನ ಗ್ಲಾರುಸ್‌ನಲ್ಲಿ ಮನೆಗೆಲಸದ ಆನ್ನಾ ಗೋಲ್ಡಿ ಒಡೆಯನ ಮಗಳ ಹಾಲಿನಲ್ಲಿ ಸೂಜಿ ಹಾಕಿದಳೆಂಬ ಆರೋಪ. 1782ರಲ್ಲಿ ತಲೆ ಕಡಿದರು. ಆಗಿನ ಕಾಲಕ್ಕೆ ಮಾಟ ಎನ್ನಲು ಅವರಿಗೇ ನಾಚಿಕೆಯಾಗಿರಬೇಕು, ತೀರ್ಪಿನಲ್ಲಿ ವಿಷಪ್ರಾಶನ ಎಂದು ಬರೆದರು. 2008ರಲ್ಲಿ ಅಲ್ಲಿನ ಶಾಸನಸಭೆ ಅವಳನ್ನು ನಿರಪರಾಧಿ ಎಂದಿತು.

ಇನ್ನು ವಾಮಾಚಾರ. ಇದು ತಂತ್ರದ ಒಂದು ಮಾರ್ಗದ ಹೆಸರು. ಈಗ ಪತ್ರಿಕೆಗಳಲ್ಲಿ ಮೂರುದಾರಿ ಕೂಡಿದಲ್ಲಿ ಲಿಂಬೆಹಣ್ಣು, ಕುಂಕುಮ ಕಂಡರೂ ‘ವಾಮಾಚಾರ ಶಂಕೆ’. ಕಾನೂನು ಅದೇ ಪದವನ್ನು ಎತ್ತಿಕೊಂಡಿತು: ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆಯುವ ಕರ್ನಾಟಕದ ಕಾಯ್ದೆ 2017ರದು, ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಅದಕ್ಕೂ ಮೊದಲು, ಮೂಢನಂಬಿಕೆಯ ವಿರುದ್ಧ ಹೋರಾಡಿದ ನರೇಂದ್ರ ದಾಭೋಳ್ಕರ್ ಕೊಲೆಯಾದ 2013ರಲ್ಲೇ ಮಹಾರಾಷ್ಟ್ರ ತಂದ ಕಾಯ್ದೆ, ಇಂಥವರು ಮಂತ್ರ ಹಾಕಿ ದನದ ಹಾಲು ಕಡಿಮೆ ಮಾಡಿದರೆಂದು ಸಾರುವುದನ್ನೂ ಅಪರಾಧವೆಂದು ಹೆಸರಿಸುತ್ತದೆ. ಮಾಡುವವರಷ್ಟೇ ಅಲ್ಲ, ಹೊರಿಸುವವರೂ ಸಿಕ್ಕಿಬೀಳಬೇಕು ಎಂಬ ಎಚ್ಚರ ಅದರಲ್ಲಿದೆ. ನಮ್ಮ ಕಾಯ್ದೆ ಜ್ಯೋತಿಷ್ಯ, ವಾಸ್ತು ಸಲಹೆಗಳನ್ನು ಹೊರಗಿಟ್ಟಿದೆ. ಮಾಟದ ಮಾತಿನಿಂದ ಎದ್ದ ಜಗಳ ಠಾಣೆ ಮುಟ್ಟಿದರೂ ಎಷ್ಟೋ ಸಲ ಹೊಡೆದಾಟ, ಬೈಗುಳ, ಗಡಿ ತಂಟೆ ಎಂದೇ ದಾಖಲಾಗುತ್ತದೆ.