ಸಿವಿಲೈಸೇಶನ್ 6: ಮೊದಲ 60 ಟರ್ನಿನ ಲೆಕ್ಕ

ಸಿವಿಲೈಸೇಶನ್ 6 ಅಂದರೆ ನಗರ ಕಟ್ಟಿ ನಾಗರಿಕತೆ ಬೆಳೆಸುವ, ಸರದಿ ಸರದಿಯಾಗಿ (ಟರ್ನ್) ಆಡುವ ಕಂಪ್ಯೂಟರ್ ಆಟ. ನಾನು ಸೋತ ಆಟಗಳ ಹಳೇ ಸೇವ್ ಫೈಲುಗಳನ್ನು ಒಂದು ಸಲ ಕೂತು ತೆರೆದು ನೋಡಿದೆ. 180ನೇ ಟರ್ನಿನಲ್ಲಿ ಪಕ್ಕದವನು ದಂಡೆತ್ತಿ ಬಂದ, ಅದಕ್ಕೇ ಸೋತೆ ಅಂತ ಅಲ್ಲಿಯವರೆಗೂ ನಂಬಿದ್ದೆ. 60ನೇ ಟರ್ನಿನ ಫೈಲು ಬೇರೆ ಕಥೆ ಹೇಳಿತು. ನನ್ನ ಹತ್ತಿರ ಎರಡು ನಗರ ಮತ್ತು ಅರ್ಧ ಕಟ್ಟಿದ ಒಂದು ವಂಡರ್, ಅಂದರೆ ಸ್ಟೋನ್‌ಹೆಂಜ್ ಥರದ ಅದ್ಭುತ ಕಟ್ಟಡ. ಅವನ ಹತ್ತಿರ ಐದು ನಗರ. ಅವನು ಯುದ್ಧ ಸಾರುವ ಎಷ್ಟೋ ಮೊದಲೇ ನನ್ನ ಕಥೆ ಮುಗಿದಿತ್ತು.

ಆಮೇಲೆ ಆ ಮೊದಲ 60 ಟರ್ನುಗಳನ್ನೇ ಮತ್ತೆ ಮತ್ತೆ ಆಡಿ ಬರೆದುಕೊಂಡ ಟಿಪ್ಪಣಿ ಇದು. ಅಂಕಿಗಳೆಲ್ಲ ಸ್ಟ್ಯಾಂಡರ್ಡ್ ವೇಗದವು, 2019ರ ಗ್ಯಾದರಿಂಗ್ ಸ್ಟಾರ್ಮ್ ಎಕ್ಸ್‌ಪ್ಯಾನ್ಶನ್ ಹಾಕಿಕೊಂಡು ಆಡುವವರಿಗೆ. ಸರಣಿಯ ಏಳನೇ ಆಟದ ನಿಯಮಗಳು ಬೇರೆ, ಅಲ್ಲಿಗೆ ಇದನ್ನು ಹೊತ್ತುಕೊಂಡು ಹೋಗಬೇಡಿ.

ನಾನು ಕಲಿತದ್ದು ಒಂದೇ ವಿಷಯ. ಶುರುವಿನಲ್ಲಿ ನಮ್ಮ ಹತ್ತಿರ ಇರುವ ನಿಜವಾದ ದುಡ್ಡು ಅಂದರೆ ಪ್ರೊಡಕ್ಷನ್, ನಗರ ಏನನ್ನಾದರೂ ತಯಾರಿಸುವ ಶಕ್ತಿ. ಅದು ಟರ್ನಿಗೆ ಐದೋ ಆರೋ ಬರುತ್ತದೆ, ಅಷ್ಟೇ. ಹಾಗಾಗಿ ಯಾವುದನ್ನೇ ಕ್ಯೂಗೆ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದರಿಂದ ನನ್ನ ಮುಂದಿನ ಸೆಟ್ಲರ್, ಅಂದರೆ ಹೊಸ ನಗರ ಕಟ್ಟುವವನು, ಎಷ್ಟು ಟರ್ನ್ ತಡವಾಗುತ್ತಾನೆ?

ಮೊದಲ ನಗರ ಎಲ್ಲಿ

ಬಂದು ಇಳಿದ ಜಾಗದಲ್ಲೇ ನಗರ ಕಟ್ಟಬೇಕು ಅನ್ನುವವರು ತುಂಬಾ ಜನ. ಮುಕ್ಕಾಲು ಪಾಲು ಅದು ಸರಿಯೇ. ಆದರೆ ಒಂದು ಹೆಜ್ಜೆ ದೂರದಲ್ಲಿ ಬಯಲಿನ ಗುಡ್ಡ ಇದ್ದರೆ, ಅಂದರೆ ಪ್ಲೇನ್ಸ್ ಹಿಲ್ಸ್ ಟೈಲ್ (ನಕ್ಷೆಯ ಒಂದೊಂದು ಮನೆಗೂ ಟೈಲ್ ಅಂತಾರೆ), ನಾನು ಒಂದು ಟರ್ನ್ ಕಳೆದುಕೊಂಡಾದರೂ ಅಲ್ಲಿಗೆ ಹೋಗುತ್ತೇನೆ.

ಯಾಕೆ ಅಂತ ಲೆಕ್ಕ ಹಾಕೋಣ. ಸಮತಟ್ಟು ನೆಲದಲ್ಲಿ ನಗರ ಕಟ್ಟಿದರೆ ಆ ಟೈಲ್ 2 ಆಹಾರ, 1 ಪ್ರೊಡಕ್ಷನ್ ಕೊಡುತ್ತದೆ. ಬಯಲಿನ ಗುಡ್ಡದ ಮೇಲೆ ಕಟ್ಟಿದರೆ 2 ಆಹಾರ, 2 ಪ್ರೊಡಕ್ಷನ್. ರಾಜಧಾನಿಯ ಅರಮನೆ ಇನ್ನೂ 2 ಪ್ರೊಡಕ್ಷನ್ ಸೇರಿಸುತ್ತದೆ. ಇರುವ ಒಬ್ಬನೇ ಪ್ರಜೆ ಕಾಡಿರುವ ಹುಲ್ಲುಗುಡ್ಡದಲ್ಲಿ ಕೆಲಸ ಮಾಡಿದರೆ 2 ಆಹಾರ, 2 ಪ್ರೊಡಕ್ಷನ್ ತರುತ್ತಾನೆ. ಒಟ್ಟು ಸಮತಟ್ಟಿನಲ್ಲಿ 5, ಗುಡ್ಡದ ಮೇಲೆ 6. ಒಂದೇ ಒಂದರ ವ್ಯತ್ಯಾಸ, ಏನು ಮಹಾ ಅನ್ನಿಸಬಹುದು. ಆದರೆ ಅದು ಶೇಕಡಾ 20 ಜಾಸ್ತಿ. 80 ಪ್ರೊಡಕ್ಷನ್ ಬೇಕಾಗುವ ಸೆಟ್ಲರ್ ಒಂದು ಕಡೆ 16 ಟರ್ನ್, ಇನ್ನೊಂದು ಕಡೆ 14. ಮೇಲಾಗಿ ಗುಡ್ಡದ ಮೇಲಿನ ನಗರವನ್ನು ಹಿಡಿಯುವುದೂ ಕಷ್ಟ.

ಇದಕ್ಕಿಂತ ದೊಡ್ಡದು ನೀರು. ನದಿ, ಸರೋವರದ ಪಕ್ಕದ ನಗರಕ್ಕೆ 5 ಹೌಸಿಂಗ್, ಅಂದರೆ ಜನ ಇರಲು ಜಾಗ, ಸಿಗುತ್ತದೆ. ಸಮುದ್ರ ತೀರದಲ್ಲಿ 3. ಎರಡೂ ಇಲ್ಲದ ಕಡೆ ಬರೀ 2. ಜನಸಂಖ್ಯೆ ಹೌಸಿಂಗಿಗಿಂತ ಒಂದು ಕಡಿಮೆ ಇರುವಾಗಲೇ ಬೆಳವಣಿಗೆ ಅರ್ಧಕ್ಕೆ ಇಳಿಯುತ್ತದೆ, ಸಮ ಆದಾಗ ಕಾಲು ಭಾಗಕ್ಕೆ. ಅಂದರೆ ಒಣ ಜಾಗದಲ್ಲಿ ಕಟ್ಟಿದ ನಗರ ಹುಟ್ಟಿದ ದಿನದಿಂದಲೇ ಕುಂಟುತ್ತದೆ. ಎರಡನೇ ನಗರವನ್ನು ಒಳ್ಳೆ ಕುದುರೆ ಕಾಣಿಸಿತು ಅಂತ ನೀರಿಲ್ಲದ ಕಡೆ ಕಟ್ಟಿ ಎಷ್ಟೋ ಸಲ ಕೈ ಸುಟ್ಟುಕೊಂಡಿದ್ದೇನೆ. ನಗರದ ಗಡಿ ಹೇಗೂ ಬೆಳೆಯುತ್ತದೆ, ಕುದುರೆ ಆಮೇಲೆ ಒಳಗೆ ಬರುತ್ತದೆ. ನದಿ ಎದ್ದು ನಮ್ಮ ಹತ್ತಿರ ಬರಲ್ಲ ಅಲ್ವಾ?

ಮೊದಲ 23 ಟರ್ನ್, ಒಂದೊಂದಾಗಿ

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ. ಕಾಗದ ಪೆನ್ನು ಇದ್ದರೆ ಒಳ್ಳೆಯದು.

ಒಬ್ಬ ಪ್ರಜೆ ಟರ್ನಿಗೆ 2 ಆಹಾರ ತಿನ್ನುತ್ತಾನೆ. ಜನಸಂಖ್ಯೆ 1ರಿಂದ 2 ಆಗಲು 15 ಆಹಾರ ಕೂಡಬೇಕು, 2ರಿಂದ 3ಕ್ಕೆ 24. ಮೇಲಿನ ಸಮತಟ್ಟು ನಗರವನ್ನೇ ತೆಗೆದುಕೊಳ್ಳಿ. ಆಹಾರ 4, ತಿನ್ನುವುದು 2, ಉಳಿಯುವುದು 2. ಎರಡನೇ ಪ್ರಜೆ 8ನೇ ಟರ್ನಿಗೆ ಬರುತ್ತಾನೆ. ಜನಸಂಖ್ಯೆ 2 ಇಲ್ಲದೆ ಸೆಟ್ಲರ್ ತಯಾರಿಸಲು ಆಗಲ್ಲ, ಯಾಕೆಂದರೆ ಸೆಟ್ಲರ್ ಹೊರಟಾಗ ಒಬ್ಬ ಪ್ರಜೆಯೂ ಹೋಗುತ್ತಾನೆ. ಹಾಗಾದರೆ ಆ 8 ಟರ್ನ್ ಏನು ಮಾಡುವುದು? ಸ್ಕೌಟ್. ಸುತ್ತಲಿನ ನೆಲ ಹುಡುಕುವವನು. ಬೆಲೆ 30 ಪ್ರೊಡಕ್ಷನ್, ಆರು ಟರ್ನಿಗೆ ಮುಗಿಯುತ್ತದೆ. ಹೇಗೂ ಕಾಯಬೇಕಾದ ಹೊತ್ತು, ಸುಮ್ನೆ ಹೋಗುವ ಬದಲು ಸ್ಕೌಟ್ ಬಂದ.

ಆಮೇಲೆ 35ರ ಸ್ಲಿಂಗರ್, ಕವಣೆ ಕಲ್ಲು ಎಸೆಯುವವನು. 7 ಮತ್ತು 8ನೇ ಟರ್ನಿನಲ್ಲಿ 10 ಸೇರುತ್ತದೆ. ಎರಡನೇ ಪ್ರಜೆಯೂ ಅಂಥದ್ದೇ ಗುಡ್ಡಕ್ಕೆ ಹೋದರೆ ಪ್ರೊಡಕ್ಷನ್ 7 ಆಗುತ್ತದೆ, ಸ್ಲಿಂಗರ್ 12ನೇ ಟರ್ನಿಗೆ ಸಿದ್ಧ. ಈಗ ಸೆಟ್ಲರ್ ಹಾಕಿ. 80 ಬೇಕು. 20ನೇ ಟರ್ನಿಗೆ ಮೂರನೇ ಪ್ರಜೆ ಹುಟ್ಟುತ್ತಾನೆ, 23ನೇ ಟರ್ನಿಗೆ ಸೆಟ್ಲರ್ ಹೊರಡುತ್ತಾನೆ. ಜನಸಂಖ್ಯೆ ಮತ್ತೆ 2. ಏನೂ ಪೋಲಾಗಲಿಲ್ಲ.

ನಿಮ್ಮ ನೆಲ ಬೇರೆ ಥರ ಇರುತ್ತದೆ, ಒಂದೆರಡು ಟರ್ನ್ ಆಚೀಚೆ ಆಗುತ್ತದೆ. ಮುಖ್ಯವಾದದ್ದು ಆಹಾರ ಮತ್ತು ಪ್ರೊಡಕ್ಷನ್ ಎರಡೂ ಒಂದೇ ಹೊತ್ತಿಗೆ ಬಂದು ಸೇರಬೇಕು ಅನ್ನುವುದು. ಮೊದಲೆಲ್ಲ ನಾನು ಪ್ರಜೆಗಳನ್ನು ಯಾವ ಟೈಲಿಗೆ ಕಳಿಸಬೇಕು ಅನ್ನುವುದನ್ನು ಕಂಪ್ಯೂಟರಿಗೇ ಬಿಟ್ಟಿದ್ದೆ. ಈಗ ನಗರ ತೆರೆದು, ಟೈಲಿನ ಮೇಲೆ ಕ್ಲಿಕ್ ಮಾಡಿ, ಅವರನ್ನು ನಾನೇ ಕೂರಿಸುತ್ತೇನೆ. ಸ್ಕೌಟ್ ನಡೆಯುತ್ತಿರುವಾಗ ಆಹಾರದ ಟೈಲ್, ಸೆಟ್ಲರ್ ನಡೆಯುತ್ತಿರುವಾಗ ಪ್ರೊಡಕ್ಷನ್ ಟೈಲ್. ಒಂದು ನಿಮಿಷದ ಕೆಲಸ ಇದು, ಆದರೆ ನನ್ನ ಆಟ ಸುಧಾರಿಸಿದ್ದು ಬೇರೆ ಯಾವುದಕ್ಕಿಂತ ಜಾಸ್ತಿ ಇದರಿಂದಲೇ.

ಸೆಟ್ಲರಿನ ಬೆಲೆ ಪ್ರತಿ ಸಲ 30 ಏರುತ್ತದೆ. 80, 110, 140. ಮೂರು ಸೆಟ್ಲರಿಗೆ ಒಟ್ಟು 330. ಇಲ್ಲಿ ಕಾಲೊನೈಸೇಶನ್ ಅನ್ನುವ ಪಾಲಿಸಿ ಕಾರ್ಡ್, ಅಂದರೆ ಸರ್ಕಾರಕ್ಕೆ ಹಾಕುವ ನೀತಿ, ಬರುತ್ತದೆ. ಅರ್ಲಿ ಎಂಪೈರ್ ಸಿವಿಕ್ (ಟೆಕ್ನಾಲಜಿ ಸೈನ್ಸ್‌ನಿಂದ ಬರುವ ಹಾಗೆ ಸಿವಿಕ್ ಕಲ್ಚರ್‌ನಿಂದ ಬರುತ್ತದೆ) ಮುಗಿದಾಗ ಸಿಗುತ್ತದೆ, ಸೆಟ್ಲರ್ ತಯಾರಿಗೆ ಶೇಕಡಾ 50 ಹೆಚ್ಚು ಪ್ರೊಡಕ್ಷನ್ ಕೊಡುತ್ತದೆ. ಅದು ಕೈಯಲ್ಲಿದ್ದರೆ ಆ 330ರ ಕೆಲಸ 220ರಲ್ಲಿ ಆಗುತ್ತದೆ. ಹಾಗಂತ ಮೊದಲ ಸೆಟ್ಲರನ್ನು ಕಾರ್ಡಿಗಾಗಿ ಕಾಯಿಸಬೇಡಿ, ನಾನು ಅದನ್ನೂ ಮಾಡಿ ನೋಡಿದ್ದೇನೆ, ನಷ್ಟ. ಮೊದಲನೆಯವನು ಹೋಗಲಿ. ಕಾರ್ಡ್ ಇನ್ನು ನಾಲ್ಕೈದು ಟರ್ನ್ ದೂರ ಇದೆ ಅನ್ನುವಾಗ ಹೊಲ, ಗಣಿ ಮಾಡಿ ಟೈಲ್ ಸುಧಾರಿಸುವ ಒಬ್ಬ ಬಿಲ್ಡರನ್ನು ಮಾಡಿಕೊಳ್ಳಿ, ಕಾರ್ಡ್ ಬಂದ ಮೇಲೆ ಎರಡು ಮೂರು ಸೆಟ್ಲರುಗಳನ್ನು ಸಾಲಾಗಿ ತೆಗೆಯಿರಿ. ಸಿವಿಕ್ ಮುಗಿದ ಟರ್ನಿನಲ್ಲಿ ಕಾರ್ಡ್ ಬದಲಿಸಲು ದುಡ್ಡು ಕೊಡಬೇಕಾಗಿಲ್ಲ ಅನ್ನುವುದು ನೆನಪಿರಲಿ.

ಬೂಸ್ಟ್‌ಗಳು

ಟೆಕ್ನಾಲಜಿಗೆ ಯುರೇಕಾ, ಸಿವಿಕ್‌ಗೆ ಇನ್‌ಸ್ಪಿರೇಶನ್. ಒಂದು ಚಿಕ್ಕ ಕೆಲಸ ಮಾಡಿದರೆ ಶೇಕಡಾ 40 ಪುಕ್ಕಟೆ. ನಾನು ಇವನ್ನು ಬಹಳ ದಿನ ಲಾಟರಿ ಥರ ನೋಡುತ್ತಿದ್ದೆ, ಬಂದರೆ ಬಂತು. ಮೇಲೆ ಹೇಳಿದ ಕ್ರಮವನ್ನು ಇನ್ನೊಮ್ಮೆ ನೋಡಿ. ಸ್ಲಿಂಗರಿನಿಂದ ಒಂದು ಯೂನಿಟ್ ಕೊಂದರೆ ಆರ್ಚರಿ ಟೆಕ್ನಾಲಜಿಗೆ ಯುರೇಕಾ. ಬಿಲ್ಡರ್ ಬೆಲೆ 50, ಮೂರು ಸಲ ಕೆಲಸ ಮಾಡುತ್ತಾನೆ, ಮೂರು ಟೈಲ್ ಸುಧಾರಿಸಿದರೆ ಕ್ರಾಫ್ಟ್ಸ್‌ಮನ್‌ಶಿಪ್‌ಗೆ ಬೂಸ್ಟ್. ಒಬ್ಬ ಬಿಲ್ಡರ್, ಒಂದು ಬೂಸ್ಟ್, ಸರಿಹೋಯಿತು. ಅವನು ಗಣಿ ಮಾಡುವ ಟೈಲಿನಲ್ಲಿ ಏನಾದರೂ ರಿಸೋರ್ಸ್ ಇದ್ದರೆ ಚಕ್ರಕ್ಕೂ ಯುರೇಕಾ, ರಿಸೋರ್ಸ್ ಇರುವ ಕಡೆ ಹೊಲ ಮಾಡಿದರೆ ನೀರಾವರಿಗೆ. ನಿಮ್ಮ ಎಲ್ಲ ನಗರಗಳ ಜನಸಂಖ್ಯೆ ಸೇರಿ 6 ಆದರೆ ಅರ್ಲಿ ಎಂಪೈರ್‌ಗೆ. ಅದೇ ಕಾಲೊನೈಸೇಶನ್ ಕಾರ್ಡ್ ಕೊಡುವ ಸಿವಿಕ್.

ಸಂಶೋಧನೆ ಶೇಕಡಾ 60 ಮುಟ್ಟಿದ ಮೇಲೆ ಬೂಸ್ಟ್ ಹತ್ತಿರದಲ್ಲಿದೆ ಅನ್ನಿಸಿದರೆ ಅದನ್ನು ನಿಲ್ಲಿಸಿ ಬೇರೆಯದಕ್ಕೆ ಹೋಗಿ. ಮಾಡಿದ್ದು ಎಲ್ಲೂ ಹೋಗಲ್ಲ. ಬೂಸ್ಟ್ ಬಂದಾಗ ಉಳಿದದ್ದು ತಾನೇ ತುಂಬಿಕೊಳ್ಳುತ್ತದೆ.

ಸ್ಕೌಟಿನ ಕೆಲಸ

ಸ್ಕೌಟ್ ಅಂದರೆ ನಕ್ಷೆ ಬಿಡಿಸುವವನು ಅಂತ ಅಂದುಕೊಂಡರೆ ಅವನ ಬೆಲೆ ಗೊತ್ತಾಗಲ್ಲ. ಒಂದು ಸಿಟಿ ಸ್ಟೇಟನ್ನು, ಅಂದರೆ ಒಂದೇ ನಗರದ ಚಿಕ್ಕ ರಾಜ್ಯವನ್ನು, ಎಲ್ಲರಿಗಿಂತ ಮೊದಲು ಭೇಟಿಯಾದರೆ ಒಬ್ಬ ರಾಯಭಾರಿ ಪುಕ್ಕಟೆ. ಅದು ವಿಜ್ಞಾನದ ಸಿಟಿ ಸ್ಟೇಟ್ ಆಗಿದ್ದರೆ ಆ ಒಬ್ಬನಿಂದ ರಾಜಧಾನಿಗೆ 2 ಸೈನ್ಸ್. ಅರಮನೆ ಕೊಡುವುದೂ 2 ಸೈನ್ಸೇ. ಹತ್ತನೇ ಟರ್ನಿನಲ್ಲಿ ನಿಮ್ಮ ಸೈನ್ಸ್ ಹೆಚ್ಚುಕಡಿಮೆ ಎರಡು ಪಟ್ಟಾಯಿತು ಅಂತ ಅರ್ಥ. ಸಂಸ್ಕೃತಿಯದ್ದಾದರೆ ಇನ್ನೂ ಮಜಾ: ಶುರುವಿನ ಕಲ್ಚರ್ ಒಂದೂ ಚಿಲ್ಲರೆ, ಅದಕ್ಕೆ 2 ಸೇರುತ್ತದೆ. ಮೂರು ಸಿಟಿ ಸ್ಟೇಟ್ ಭೇಟಿಯಾದರೆ ಪೊಲಿಟಿಕಲ್ ಫಿಲಾಸಫಿಗೆ ಬೂಸ್ಟ್, ಮೊದಲ ನಿಜವಾದ ಸರ್ಕಾರ ಬರುವುದು ಅಲ್ಲಿಂದ. ಬೇರೆ ನಾಗರಿಕತೆ ಸಿಕ್ಕರೆ ಬರವಣಿಗೆಗೆ ಯುರೇಕಾ. ಸಿಕ್ಕ ಟರ್ನಿನಲ್ಲೇ 25 ಚಿನ್ನ ಕೊಟ್ಟು ನಿಯೋಗ ಕಳಿಸಿಬಿಡಿ. ಆಮೇಲೆ ಅವರ ಮೂಡ್ ಕೆಟ್ಟರೆ ಒಪ್ಪಲ್ಲ.

ನಕ್ಷೆ ದೊಡ್ಡದಿದ್ದರೆ ನಾನು ಎರಡು ಸ್ಕೌಟ್ ಮಾಡುತ್ತೇನೆ. ಮೂರನೆಯದು ಮಾತ್ರ ದಂಡ.

ಬಾರ್ಬೇರಿಯನ್ನರು

ಯಾವ ನಾಗರಿಕತೆಗೂ ಸೇರದ ದಾಳಿಕೋರರು ಇವರು. ಹೊಸಬರು ಆಟ ಬಿಟ್ಟು ಹೋಗುವುದು ಇವರಿಂದಲೇ ಇರಬೇಕು. ಇವರ ಪದ್ಧತಿ ಅರ್ಥವಾದರೆ ಅರ್ಧ ಭಯ ಹೋಗುತ್ತದೆ. ಬಿಡಾರದಿಂದ ಮೊದಲು ಒಬ್ಬ ಸ್ಕೌಟ್ ಹೊರಡುತ್ತಾನೆ. ನಿಮ್ಮ ನಗರ ಕಣ್ಣಿಗೆ ಬಿದ್ದರೆ ಅವನ ತಲೆ ಮೇಲೆ ಆಶ್ಚರ್ಯ ಚಿಹ್ನೆ ಬರುತ್ತದೆ. ಅವನು ವಾಪಸ್ ಬಿಡಾರ ಮುಟ್ಟಿದರೆ ಅಲ್ಲಿಂದ ದಾಳಿ ಪಡೆ ಹೊರಡುತ್ತದೆ. ಮುಟ್ಟದಿದ್ದರೆ ಇಲ್ಲ.

ಅವನಿಗೆ 3 ಹೆಜ್ಜೆ, ನಿಮ್ಮ ವಾರಿಯರಿಗೆ 2. ಹಿಂದೆ ಓಡಿ ಹಿಡಿಯಲು ಆಗಲ್ಲ. ಹಾಗಾಗಿ ಅಟ್ಟಿಸಿಕೊಂಡು ಹೋಗಬೇಡಿ, ಅವನು ಬಂದ ದಿಕ್ಕಿನಲ್ಲಿ ಹೋಗಿ ಅಡ್ಡ ನಿಲ್ಲಿ. ಗುಡ್ಡ, ಕಾಡು, ನದಿ ಇರುವ ಕಡೆ ಅವನ ದಾರಿ ಕಿರಿದಾಗುತ್ತದೆ. ವಾರಿಯರ್ ಒಂದು ಕಡೆ, ಸ್ಲಿಂಗರ್ ಇನ್ನೊಂದು ಕಡೆ. ಕೊನೇ ಏಟು ಸ್ಲಿಂಗರಿನದ್ದಾದರೆ ಆರ್ಚರಿಯ ಯುರೇಕಾ ಕೂಡ ಸಿಕ್ಕಿತು.

ಹೊಡೆದಾಟದ ಲೆಕ್ಕವೂ ಗೊತ್ತಿರಲಿ. ಇಬ್ಬರ ಬಲ ಸಮ ಇದ್ದರೆ ಒಂದು ಏಟಿಗೆ ಸುಮಾರು 30 ಪೆಟ್ಟು. ಡಿಸಿಪ್ಲಿನ್ ಕಾರ್ಡ್ ಬಾರ್ಬೇರಿಯನ್ನರ ವಿರುದ್ಧ 5 ಬಲ ಕೊಡುತ್ತದೆ. ಆಗ ನೀವು ಕೊಡುವುದು 36ರ ಆಸುಪಾಸು, ತಿನ್ನುವುದು 25ರ ಆಸುಪಾಸು. ಎರಡು ಮೂರು ಸುತ್ತಿನಲ್ಲಿ ಇದು ಬದುಕು ಸಾವಿನ ವ್ಯತ್ಯಾಸ. ಗಾಯವಾದ ಯೂನಿಟ್ ನಿಮ್ಮ ಗಡಿಯೊಳಗೆ ಟರ್ನಿಗೆ 15 ಚೇತರಿಸಿಕೊಳ್ಳುತ್ತದೆ, ಯಾರದ್ದೂ ಅಲ್ಲದ ನೆಲದಲ್ಲಿ 10. ಸ್ವಲ್ಪ ಹಿಂದೆ ಬಂದು ಕೂತರೆ ತಪ್ಪೇನಿಲ್ಲ.

ವಂಡರ್ ಆಸೆ

ಸ್ಟೋನ್‌ಹೆಂಜ್ ಬೆಲೆ 180. ಮೊದಲ ಎರಡು ಸೆಟ್ಲರುಗಳ ಬೆಲೆ 190. ನಾನು ಎರಡು ನಗರ ಕೊಟ್ಟು ಕಲ್ಲು ತಗೊಂಡಿದ್ದೆ ಅಂತ ಆ ಹಳೇ ಸೇವ್ ಫೈಲ್ ನೋಡಿದಾಗ ಗೊತ್ತಾಯಿತು. ಅದೂ ಪೂರ್ತಿ ಆಗಿರಲಿಲ್ಲ. ಧರ್ಮವೇ ನಿಮ್ಮ ಗೆಲುವಿನ ದಾರಿ ಆಗಿದ್ದರೆ ವಿಷಯ ಬೇರೆ. ಉಳಿದವರಿಗೆ ಆ ಹೊತ್ತಿನಲ್ಲಿ ವಂಡರ್ ಅಂದರೆ ಬಿತ್ತನೆ ಬೀಜ ಬೇಯಿಸಿಕೊಂಡು ತಿಂದ ಹಾಗೆ. ಅತಿ ಕಷ್ಟದ ಡೀಟಿ ಮಟ್ಟದಲ್ಲಂತೂ ಎಐ, ಅಂದರೆ ಕಂಪ್ಯೂಟರ್ ಎದುರಾಳಿ, ಮೂರು ಸೆಟ್ಲರುಗಳ ಜೊತೆ ಆಟ ಶುರು ಮಾಡುತ್ತದೆ, ಅದರ ಜೊತೆ ಪಂದ್ಯ ಕಟ್ಟುವುದು ಬೇಡ.

ಡಿಸ್ಟ್ರಿಕ್ಟ್, ಅಂದರೆ ಒಂದು ಕೆಲಸಕ್ಕೆಂದೇ ಕಟ್ಟುವ ನಗರದ ಬಡಾವಣೆ, ಅದರ ವಿಷಯ ಬೇರೆ. ನೀವು ಕಲಿಯುತ್ತಾ ಹೋದಂತೆ ಅದರ ಬೆಲೆ ಏರುತ್ತಾ ಹೋಗುತ್ತದೆ, ಆದರೆ ಜಾಗ ಗುರುತು ಮಾಡಿ ಇಟ್ಟ ಕೂಡಲೇ ಆ ಬೆಲೆ ಅಲ್ಲೇ ನಿಲ್ಲುತ್ತದೆ. ಹೊಸ ನಗರ ಕಟ್ಟಿದ ಟರ್ನಿನಲ್ಲೇ ಬೆಟ್ಟದ ಸಾಲಿನ ಪಕ್ಕ ಕ್ಯಾಂಪಸ್, ಅಂದರೆ ಸೈನ್ಸ್ ಡಿಸ್ಟ್ರಿಕ್ಟ್, ಇಟ್ಟುಬಿಡಿ, ಕಟ್ಟುವುದು ಆಮೇಲೆ. ಒಂದೊಂದು ಬೆಟ್ಟಕ್ಕೂ ಒಂದು ಸೈನ್ಸ್.

ಅಭ್ಯಾಸ ಮಾಡುವುದು ಹೇಗೆ

ಕಷ್ಟದ ಮಟ್ಟ ಕಿಂಗ್ ಇರಲಿ, ಅದು ಪ್ರಿನ್ಸ್‌ಗಿಂತ ಒಂದು ಮೇಲೆ. ಪ್ರಿನ್ಸ್ ಮಟ್ಟದಲ್ಲಿ ಎಐಗೆ ಯಾವ ಅನುಕೂಲವೂ ಇಲ್ಲ, ಅಲ್ಲಿ ನಮ್ಮ ತಪ್ಪಿಗೆ ಶಿಕ್ಷೆಯೇ ಆಗಲ್ಲ. ಒಂದನೇ ಟರ್ನಿನಲ್ಲಿ ಸೇವ್ ಮಾಡಿಕೊಳ್ಳಿ. 60ನೇ ಟರ್ನಿನ ತನಕ ಆಡಿ, ನಗರ ಎಷ್ಟು, ಜನ ಎಷ್ಟು, ಬೂಸ್ಟ್ ಎಷ್ಟು ಅಂತ ಬರೆದಿಡಿ. ಮತ್ತೆ ಅದೇ ಸೇವ್ ತೆರೆಯಿರಿ. ನಕ್ಷೆ ಗೊತ್ತಿರುವುದರಿಂದ ಸ್ಕೌಟಿಂಗ್ ಮೋಸ ಆಗುತ್ತದೆ, ಆಗಲಿ. ನೋಡಬೇಕಾದದ್ದು ಕ್ಯೂ ಮಾತ್ರ.

ನನ್ನ ಮೂರನೇ ಸುತ್ತಿನಲ್ಲಿ 60ನೇ ಟರ್ನಿಗೆ ನಾಲ್ಕು ನಗರ ಇದ್ದವು. ಐದಾಗಬೇಕಿತ್ತು. 52ನೇ ಟರ್ನಿನಲ್ಲಿ ಒಬ್ಬ ಸೆಟ್ಲರನ್ನು ಕಾವಲಿಲ್ಲದೆ ಕಳಿಸಿದೆ, ಎರಡೇ ಹೆಜ್ಜೆ ಅಲ್ವಾ ಅಂತ. ಕಾಡಿನ ಹಿಂದಿನಿಂದ ಬಾರ್ಬೇರಿಯನ್ ಕುದುರೆಯವನು ಬಂದು ಅವನನ್ನು ಹಿಡಿದುಕೊಂಡು ಹೋದ. ರೀಲೋಡ್ ಮಾಡಲಿಲ್ಲ. ನೋಟ್‌ಬುಕ್ಕಿನಲ್ಲಿ 'ವಾರಿಯರ್ ಎಲ್ಲಿದ್ದ?' ಅಂತ ಬರೆದೆ. ನಗರದೊಳಗೆ ನಿದ್ದೆ ಮಾಡುತ್ತಿದ್ದ, ನಾನೇ ಮಲಗಿಸಿದ್ದೆ.